ಆಟಕ್ಕೆ ಪ್ರಯೋಜನ ಬೇಕೇ: ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರ ಮುಂದಿರುವ ಪ್ರಶ್ನೆ

ಮಕ್ಕಳಿಗೆ ಮೊದಲ ಸಲ ಫುಟ್‌ಬಾಲ್ ಕಲಿಸಲು ನಿಂತವರು ಪಾಸು, ಡ್ರಿಬಲ್, ಗೋಲುಗಳ ಪಾಠಕ್ಕೂ ಮೊದಲೇ ಒಂದು ಪ್ರಶ್ನೆಗೆ ತಮ್ಮೊಳಗೆ ಉತ್ತರ ಕಂಡುಕೊಂಡಿರಬೇಕು. ಮಗು ಆಡುವುದು ಏತಕ್ಕೆ? ಮೈ ಗಟ್ಟಿಯಾಗಲೆಂದು, ಶಿಸ್ತು ಬರಲೆಂದು, ಜಿಲ್ಲಾ ಮಟ್ಟದ ಸರ್ಟಿಫಿಕೇಟು ಸಿಗಲೆಂದು, ಮುಂದೆ ಕ್ರೀಡಾ ಕೋಟಾದಲ್ಲಿ ನೌಕರಿಗೆ ದಾರಿಯಾಗಲೆಂದು ಹೇಳುವವರು ಆಟವನ್ನು ಬೇರೊಂದರ ಸಾಧನವೆಂದು ಒಪ್ಪಿದಂತಾಯಿತು. ಆಟದ ಫಲ ಆಟದಲ್ಲೇ ಇದೆ, ಹೊರಗಿನಿಂದ ತಂದು ಕಟ್ಟಬೇಕಾಗಿಲ್ಲ ಎಂಬುದು ಇನ್ನೊಂದು ಉತ್ತರ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಸೋತ ದಿನ ಏನು ಹೇಳಬೇಕು, ತಪ್ಪಿದವರನ್ನು ಹೇಗೆ ತಿದ್ದಬೇಕು ಎಂಬ ದಿನನಿತ್ಯದ ತೀರ್ಮಾನಗಳೆಲ್ಲ ಕಲಿಸುವವರು ಈ ಎರಡರಲ್ಲಿ ಯಾವುದನ್ನು ನಂಬಿದ್ದಾರೆ ಎಂಬುದರ ಮೇಲೆ ನಿಂತಿವೆ.

ರಾಯಚೂರು ನಗರ, ದೇವದುರ್ಗ, ಮಾನ್ವಿಗಳಲ್ಲಿ ಈ ಪ್ರಶ್ನೆಗೆ ತನ್ನದೇ ತೂಕವಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್, ಕುಸ್ತಿಗಳು ಬೇರೂರಿದಷ್ಟು ಫುಟ್‌ಬಾಲ್ ಬೇರೂರಿಲ್ಲ. ಹಾಗಾಗಿ ಮಕ್ಕಳ ತಂಡ ಕಟ್ಟಲು ಮುಂದಾಗುವವರು ಬಹಳ ಸಲ ಬೇರೆ ಆಟದಲ್ಲಿ ಪಳಗಿದ ದೈಹಿಕ ಶಿಕ್ಷಕರೋ ಕಾಲೇಜು ಮುಗಿಸಿದ ತರುಣರೋ ಆಗಿರುತ್ತಾರೆ. ಕಲಿಸುವ ಬಗೆಯನ್ನು ಅವರು ತಮ್ಮ ಸುತ್ತಮುತ್ತಲಿಂದಲೇ ಎತ್ತಿಕೊಳ್ಳುತ್ತಾರೆ. ಅತ್ಯಂತ ಹತ್ತಿರದ ಮಾದರಿ ಗರಡಿಮನೆಯ ಉಸ್ತಾದ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜ ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ, ಪೈಲ್ವಾನರು ಕುಸ್ತಿ ಹಿಡಿಯುತ್ತಾರೆ, ಕಲ್ಲುಗುಂಡು ಎತ್ತುತ್ತಾರೆ. ಅಲ್ಲಿ ಗೆಲುವು ಊರೆಲ್ಲರ ಕಣ್ಣೆದುರು ನಡೆಯುವಂಥದ್ದು, ಬಹುಮಾನ ಕೈಗೆ ಬರುವಂಥದ್ದು. ಆ ಹಬ್ಬದ ಹುರುಪು ಈ ನಾಡಿನ ಹೆಮ್ಮೆ. ಆದರೆ ಬಲಿತ ಪೈಲ್ವಾನನಿಗೆ ಒಗ್ಗುವ ಕಟ್ಟುನಿಟ್ಟು 9 ವರ್ಷದ ಮಗುವಿಗೂ ಒಗ್ಗೀತೇ ಎಂದು ಕೇಳದೆ ಇರಲಾಗದು.

ಎರಡನೆಯ ಮಾದರಿಯಾದ ಹರಿದಾಸರ ಗುರುಶಿಷ್ಯ ಪರಂಪರೆಯೂ ಇದೇ ನೆಲದ್ದು, ಆಟದ ಬಯಲಿನಲ್ಲಿ ಅದನ್ನು ನೆನೆಯುವವರು ಕಡಿಮೆ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. 18ನೆಯ ಶತಮಾನದ ಈ ಮೂವರ ಊರುಗಳು ಇಂದಿನ ಎರಡು ತಾಲೂಕುಗಳ ಆಸುಪಾಸಿನಲ್ಲೇ ಇವೆ. ಕಲಿಸುವುದೆಂದರೇನು, ಕಲಿಯುವವನ ಮೇಲೆ ಕಲಿಸುವವನಿಗೆ ಎಷ್ಟು ಹಕ್ಕು ಎಂಬುದನ್ನು ಇವರ ಬಾಳು ತೋರಿಸುತ್ತದೆ. ಇವರು ಕನ್ನಡದಲ್ಲಿ ಹಾಡಿದ ಮಧ್ವಮತದಲ್ಲಿ ಆಟದ ಪ್ರಯೋಜನದ ಬಗ್ಗೆಯೇ ನೇರವಾದ ಒಂದು ವಿಚಾರವೂ ಇದೆ.

ಆ ವಿಚಾರಕ್ಕೆ ಮೊದಲು ಇನ್ನೊಂದು ಪ್ರಸಿದ್ಧ ಮಾತನ್ನು ತೂಗಿ ನೋಡಬೇಕು. 1897ರಲ್ಲಿ ಸ್ವಾಮಿ ವಿವೇಕಾನಂದರು ಮದರಾಸಿನ ಉಪನ್ಯಾಸವೊಂದರಲ್ಲಿ, ಗೀತೆಯ ಓದಿಗಿಂತ ಫುಟ್‌ಬಾಲ್ ತರುಣರನ್ನು ಸ್ವರ್ಗಕ್ಕೆ ಹೆಚ್ಚು ಹತ್ತಿರ ಒಯ್ಯುತ್ತದೆ ಎಂಬರ್ಥದ ಮಾತನ್ನಾಡಿದರು. ಕ್ರೀಡಾಕೂಟಗಳ ಉದ್ಘಾಟನೆಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಅದರ ಮುಂದಿನ ಭಾಗ ಬರುವುದಿಲ್ಲ. ತೋಳಿನಲ್ಲಿ ಕಸುವು ತುಂಬಿದರೆ ಗೀತೆಯೇ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಅವರ ವಾದ. ಪರಾಧೀನವಾಗಿ ಕುಗ್ಗಿದ್ದ ದೇಶದ ಯುವಕರಿಗೆ ಅದು ತಕ್ಕ ಮಾತೇ. ಆದರೂ ಅಲ್ಲಿ ಫುಟ್‌ಬಾಲ್ ಬಲಕ್ಕೆ ಸಾಧನ, ಬಲ ಅರಿವಿಗೆ ಸಾಧನ. ಮಕ್ಕಳ ಬಯಲಿಗೆ ಇದನ್ನೇ ತಂದರೆ ತೊಡಕು ಶುರುವಾಗುತ್ತದೆ. ಬಸ್ಕಿ ಹೊಡೆಸಿಯೂ ಕಸುವು ತುಂಬಬಹುದಾದರೆ ಚೆಂಡು ಏಕೆ ಬೇಕು? ಎಷ್ಟು ಆಡಿದರೂ ಮೈ ತುಂಬದ ಸಣಕಲು ಮಗುವಿಗೆ ಆಡುವ ಅರ್ಹತೆಯೇ ಇಲ್ಲವೇ? ಸಾಧನವೆಂದು ಒಪ್ಪಿದ ವಸ್ತುವನ್ನು ಅದಕ್ಕಿಂತ ಅಗ್ಗದ ಸಾಧನ ಸಿಕ್ಕ ಕೂಡಲೇ ಬಿಟ್ಟುಬಿಡಬಹುದು. ಪರೀಕ್ಷೆ ಹತ್ತಿರ ಬಂದಾಗ ಶಾಲೆಗಳಲ್ಲಿ ಮೊದಲು ಹೋಗುವುದು ಆಟದ ಪೀರಿಯಡ್ಡೇ ಎಂಬುದಕ್ಕೆ ಇದೇ ಕಾರಣ.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ, ಯಾವ ಕೊರತೆಯೂ ಇಲ್ಲದ ಭಗವಂತ ಜಗತ್ತನ್ನು ಏಕೆ ಸೃಷ್ಟಿಸಿದ ಎಂಬ ಪ್ರಶ್ನೆ ಏಳುತ್ತದೆ. ಪ್ರಯೋಜನಕ್ಕಾಗಿ ಎಂದರೆ ಅವನಿಗೂ ಕೊರತೆ ಇದೆ ಎಂದಾಗುತ್ತದೆ. ಸುಮ್ಮನೆ ಎಂದರೆ ಅವನ ಕೆಲಸ ಅರ್ಥಹೀನವಾಗುತ್ತದೆ. ಸೂತ್ರಕಾರರ ಉತ್ತರ, ಲೋಕದಲ್ಲಿ ಕಾಣುವಂತೆ ಅದು ಲೀಲೆ ಎಂಬುದು. ಮಧ್ವಾಚಾರ್ಯರು ಇದಕ್ಕೆ ಭಾಷ್ಯ ಬರೆಯುವಾಗ, ಸುಖ ಉಕ್ಕಿ ಹರಿದು ಮೈಮರೆತವನ ಕುಣಿತ ಹಾಡುಗಳನ್ನು ದೃಷ್ಟಾಂತವಾಗಿ ಕೊಡುತ್ತಾರೆ. ಏನನ್ನೋ ಪಡೆಯಲೆಂದು ಅವನು ಕುಣಿಯುವುದಿಲ್ಲ, ಒಳಗಿನ ಆನಂದ ತುಂಬಿ ಹೊರಗೆ ಕುಣಿತವಾಗುತ್ತದೆ. ಬಾಲಕೃಷ್ಣನ ಆಟವನ್ನು ಹಾಡಿದ ದಾಸರೆಲ್ಲರ ಹಿಂದೆ ಈ ತತ್ತ್ವವಿದೆ. ಪ್ರಯೋಜನವಿಲ್ಲದ್ದೆಲ್ಲ ವ್ಯರ್ಥವಲ್ಲ, ಪ್ರಯೋಜನಕ್ಕಿಂತ ಮೇಲಿನದೂ ಇರಬಹುದು ಎಂಬ ಈ ಎಣಿಕೆ ಮಕ್ಕಳ ಆಟಕ್ಕೆ ಸಲ್ಲುವಷ್ಟು ಬೇರೆ ಯಾವುದಕ್ಕೂ ಸಲ್ಲಲಾರದು. ಲೌಕಿಕದ ಕಾನೂನೂ ಇದೇ ಹಾದಿ ಹಿಡಿದಿದೆ. ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಆರೋಗ್ಯಕ್ಕೊಂದು ವಿಧಿ, ಶಿಕ್ಷಣಕ್ಕೊಂದು ವಿಧಿ ಇರುವಾಗ, ಆಟ ಮತ್ತು ವಿರಾಮಕ್ಕೆಂದೇ 31ನೆಯ ವಿಧಿ ಪ್ರತ್ಯೇಕವಾಗಿದೆ.

ಲೀಲೆಯ ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಭಗವಂತನ ಲೀಲೆ ತುಂಬಿದ ಒಡಲಿನಿಂದ ಹುಟ್ಟಿದ್ದು. ದೇವದುರ್ಗದ ಹಳ್ಳಿಯ ಮಗುವಿಗೆ ಆ ತುಂಬಿದ ಒಡಲು ಎಲ್ಲಿಂದ? ಅಪ್ಪ ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ, ಅಜ್ಜಿಯ ಬಳಿ ಉಳಿದ ಮಗು ಅದು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಹೊಲಕ್ಕೆ ಹೋಗುವ ಮಗು ಅದು. ಇಂಥಲ್ಲಿ ಲೀಲೆಯ ಮಾತು ಉಂಡವರ ಮಾತಾಗುವುದಿಲ್ಲವೇ? ಆಕ್ಷೇಪ ನ್ಯಾಯವಾದದ್ದು, ಕಲಿಸುವವರ ಮೊದಲ ಕೆಲಸ ಏನೆಂಬುದನ್ನೂ ಅದೇ ತೋರಿಸಿಕೊಡುತ್ತದೆ. ಆಟ ತುಂಬಿದ ಒಡಲನ್ನು ಬೇಡುತ್ತದಾದ್ದರಿಂದ ಮೊದಲು ವಿಚಾರಿಸಬೇಕಾದದ್ದು ಊಟ, ನೀರು, ನಿದ್ದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಶಾಲೆಯ ಊಟ ನಡುಹಗಲಿನದು, ಬೆಳಗಿನ ಅಭ್ಯಾಸಕ್ಕೆ ಬರುವ ಮಗು ರಾತ್ರಿಯಿಂದ ಏನು ತಿಂದಿದೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಒಂದು ಹಿಡಿ ಶೇಂಗಾ ಬೆಲ್ಲ, ಒಂದು ಬಾಳೆಹಣ್ಣು ಚೆಂಡಿನಷ್ಟೇ ಅಗತ್ಯದ ಸಾಮಾನು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ 8ರೊಳಗೆ ಇಲ್ಲವೇ ಸಂಜೆ 5ರ ಮೇಲೆ ಮಾತ್ರ ಆಡಿಸಬೇಕು, ಕಾಲು ಗಂಟೆಗೊಮ್ಮೆ ಎಲ್ಲರಿಗೂ ನೀರು ಕುಡಿಸಬೇಕು. ತಲೆ ಸುತ್ತುತ್ತದೆ, ವಾಕರಿಕೆ ಎಂದ ಮಗುವನ್ನು ಆಲಸಿ ಎನ್ನದೆ ನೆರಳಿಗೆ ಒಯ್ದು ಮೈಗೆ ನೀರು ಹಾಕಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಮೈ ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಭೂಮಿಯಲ್ಲಿ ಬರಿಗಾಲಿನ ಮಗುವಿನ ಪಾದ ಸಿಕ್ಕಿ ಉಳುಕುತ್ತದೆ. ಆಟಕ್ಕೆ ಮೊದಲು ಬಯಲನ್ನು ಒಮ್ಮೆ ನಡೆದು ನೋಡಿ ಬಿರುಕು, ಮುಳ್ಳು, ಗಾಜಿನ ಚೂರು ತೆಗೆಸುವುದು ಕಲಿಸುವವರ ಕೆಲಸ.

ಒಡಲಿನ ಚಿಂತೆ ತೀರಿದ ಮೇಲೆ ಅಭ್ಯಾಸದ ರೂಪ ಲೀಲೆಯ ತತ್ತ್ವದಿಂದಲೇ ಹೊಮ್ಮುತ್ತದೆ. ಆಟವೇ ಗುರಿಯಾದರೆ ಒಂದು ಗಂಟೆಯಲ್ಲಿ ಮಗು ಎಷ್ಟು ಹೊತ್ತು ನಿಜವಾಗಿ ಆಡಿತು ಎಂಬುದೇ ಅಳತೆಗೋಲು. 22 ಮಕ್ಕಳನ್ನು ಎರಡು ತಂಡ ಮಾಡಿ ದೊಡ್ಡ ಬಯಲಿಗೆ ಬಿಟ್ಟರೆ ಗಟ್ಟಿಗರಾದ ನಾಲ್ಕೈದು ಜನ ಆಡುತ್ತಾರೆ, ಉಳಿದವರು ನೋಡುತ್ತಾರೆ. ಅದೇ ಮಕ್ಕಳನ್ನು ಮೂರು ನಾಲ್ಕು ಜನರ ತಂಡಗಳಾಗಿ ಒಡೆದು, ಕಲ್ಲನ್ನೋ ಚಪ್ಪಲಿಯನ್ನೋ ಗೋಲುಕಂಬವಾಗಿಟ್ಟು ಚಿಕ್ಕ ಅಂಗಳಗಳಲ್ಲಿ ಆಡಿಸಿದರೆ ಎಲ್ಲರ ಕಾಲಿಗೂ ಚೆಂಡು ಸಿಗುತ್ತದೆ. ದೊಡ್ಡವರ 5ನೇ ಅಳತೆಯ ಚೆಂಡು ಸುತ್ತಳತೆಯಲ್ಲಿ 68ರಿಂದ 70 ಸೆಂಟಿಮೀಟರ್, ತೂಕದಲ್ಲಿ 410ರಿಂದ 450 ಗ್ರಾಂ. ಚಿಕ್ಕ ಮಕ್ಕಳಿಗೆ 3ನೇ ಅಳತೆಯದು, 12ರ ಒಳಗಿನವರಿಗೆ 4ನೇ ಅಳತೆಯದು ಸಾಕು. ತಲೆಯಿಂದ ಚೆಂಡು ಹೊಡೆಯುವುದನ್ನು ಕಲಿಸಲು ಅವಸರ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು ನಿಷೇಧಿಸಿತು. ಸಾಲಾಗಿ ನಿಂತು ಸರದಿಗೆ ಕಾಯುವುದು ಮತ್ತು ದೀರ್ಘ ಭಾಷಣ, ಆಟವನ್ನು ತಿನ್ನುವ ಎರಡು ಹುಳುಗಳು. ಇದೇ ಜಿಲ್ಲೆಯ ಲಿಂಗಸುಗೂರು ಸೀಮೆಯ ಶರಣ ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತಿದೆ ಎಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಎಷ್ಟೇ ಎತ್ತರದ ಮಾತಾದರೂ ಕೆಲಸವನ್ನು ಕಾಯಿಸಬಾರದೆಂಬ ಅವಳ ನಿಷ್ಠುರತೆ ಬಯಲಿನಲ್ಲಿ ನಿಂತು ಮಾತಾಡುವವರಿಗೂ ಅನ್ವಯಿಸುತ್ತದೆ.

ಇನ್ನು ಅತಿ ಕಠಿಣ ಪ್ರಶ್ನೆ: ಎಲ್ಲರನ್ನೂ ಸಮನಾಗಿ ಆಡಿಸಬೇಕೇ, ಗಟ್ಟಿಗರನ್ನು ಹೆಚ್ಚು ಆಡಿಸಬೇಕೇ? ಮಧ್ವಮತ ಜೀವರಲ್ಲಿ ತಾರತಮ್ಯವನ್ನು ಒಪ್ಪುತ್ತದೆ. ಮುಕ್ತಿಯಲ್ಲೂ ಆನಂದ ಎಲ್ಲರಿಗೂ ಒಂದೇ ಅಳತೆಯಲ್ಲಿಲ್ಲ. ಆದರೆ ಅಲ್ಲಿ ಯಾರಿಗೂ ಕೊರತೆಯೂ ಇಲ್ಲ. ತಂಬಿಗೆ ತನ್ನಷ್ಟು, ಕೊಡ ತನ್ನಷ್ಟು ತುಂಬಿಕೊಂಡಂತೆ ಪ್ರತಿ ಜೀವವೂ ತನ್ನ ಯೋಗ್ಯತೆಯಷ್ಟು ಪೂರ್ಣ. ತಾರತಮ್ಯದ ಈ ವಾದ ಜಾತಿಯ ಮೇಲುಕೀಳಿಗೆ ಆಸರೆಯಾಯಿತೆಂಬ ಟೀಕೆ ಹಳೆಯದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಸಿದ್ಧಾಂತವನ್ನೇ ನಂಬಿ ಹೊರಟವರೂ ಒಂದನ್ನು ಮರೆಯಬಾರದು. ಜೀವದ ಸ್ವರೂಪ ಯೋಗ್ಯತೆ ಸಾಮಾನ್ಯರ ಕಣ್ಣಿಗೆ ಕಾಣುವಂಥದ್ದೇ ಅಲ್ಲ. ಕಾಣದ್ದನ್ನು ಕಂಡೆನೆಂದು 10 ವರ್ಷದ ಮಗುವಿಗೆ ಇದು ಆಗದು ಎಂದು ತೀರ್ಪು ಕೊಡಲು ಬಯಲಿನ ಬದಿಯಲ್ಲಿ ನಿಂತವರಿಗೆ ಯಾವ ಅಧಿಕಾರ? ಕಾಣುವುದು ಇಂದಿನ ಮೈಕಟ್ಟು ಮಾತ್ರ. ಒಂದೇ ವಯೋಮಿತಿಯ ಗುಂಪಿನಲ್ಲಿ ಕೆಲವು ತಿಂಗಳು ಮೊದಲು ಹುಟ್ಟಿದವರು ಹೆಚ್ಚು ಆಯ್ಕೆಯಾಗುತ್ತಾರೆ ಎಂಬುದನ್ನು 1980ರ ದಶಕದಿಂದ ಅಧ್ಯಯನಗಳು ತೋರಿಸುತ್ತ ಬಂದಿವೆ. ಪ್ರತಿಭೆ ಎಂದುಕೊಂಡದ್ದು ಎಷ್ಟೋ ಸಲ ಎಂಟು ತಿಂಗಳ ಹಿರಿತನ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದೇ ಹುಟ್ಟಿದ ದಿನ ಬರೆಸಿಕೊಂಡ ಮಕ್ಕಳು ಅಪರೂಪವಲ್ಲದ ಈ ಭಾಗದಲ್ಲಿ ಆ ಮೋಸ ಇನ್ನೂ ಸುಲಭ. ಆದ್ದರಿಂದ 12ರ ಒಳಗಿನ ಮಕ್ಕಳಲ್ಲಿ ಆಡುವ ಹೊತ್ತು ಎಲ್ಲರಿಗೂ ಸಮ ಇರಬೇಕು, ಹೊಗಳಿಕೆ ಮಾತ್ರ ಅವರವರ ನಿನ್ನೆಯ ಆಟಕ್ಕೆ ಹೋಲಿಸಿ ಇರಬೇಕು. ಜಾತಿ ಯಾವುದೇ ಇರಲಿ, ನೀರಿನ ಕೊಡ ಒಂದೇ, ಲೋಟ ಒಂದೇ ಎಂಬುದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಮೊದಲ ದಿನವೇ ನಡೆಸಿ ತೋರಿಸಬೇಕು. ಯಾವ ಕೇರಿಯ ಮಗು ಯಾವ ಜಾಗದಲ್ಲಿ ಆಡುತ್ತದೆ, ಯಾರು ಸದಾ ಚೆಂಡು ಹೆಕ್ಕಿ ತರುತ್ತಾರೆ ಎಂಬುದರ ಮೇಲೆ ಕಣ್ಣಿರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಪ್ರಯೋಜನದ ವಾದ ಎಷ್ಟು ನಿರ್ದಯವೆಂಬುದು ಬಯಲಾಗುತ್ತದೆ. ಆಡಿ ಏನು ಬರಬೇಕಾಗಿದೆ ಎಂಬ ಪ್ರಶ್ನೆ ಗಂಡುಹುಡುಗನಿಗೆ ಎಂದಾದರೊಮ್ಮೆ ಬಂದರೆ, 12 ದಾಟಿದ ಹುಡುಗಿಗೆ ದಿನವೂ ಬರುತ್ತದೆ. ನೌಕರಿಯ ಆಸೆ, ಪದಕದ ಆಸೆ ತೋರಿಸಿ ತಾಯಿತಂದೆಯರನ್ನು ಒಪ್ಪಿಸಬಹುದು, ಆದರೆ ಎರಡು ವರ್ಷದಲ್ಲಿ ಪದಕ ಬಾರದಿದ್ದರೆ ಅದೇ ವಾದ ಅವಳನ್ನು ಮನೆಯೊಳಗೆ ಕೂರಿಸುತ್ತದೆ. ಅವಳಿಗೆ ಆಡುವುದು ಇಷ್ಟ, ಅಷ್ಟೇ ಕಾರಣ ಸಾಕು ಎಂದು ಮನೆಯವರ ಎದುರು ಗೌರವದಿಂದ, ನೇರವಾಗಿ ಹೇಳುವ ಧೈರ್ಯ ಬೇಕು. ಜೊತೆಗೆ ಕತ್ತಲಾಗುವ ಮೊದಲು ಮನೆ ಸೇರುವ ವೇಳೆ, ಹತ್ತಿರದಲ್ಲಿ ಶೌಚಾಲಯ, ಒಬ್ಬ ಮಹಿಳೆಯ ಜೊತೆ, ಅವಳಿಗೆ ಹಿತವೆನಿಸುವ ಉಡುಪು ಇಷ್ಟನ್ನೂ ಒದಗಿಸಬೇಕು.

ಆಟವೇ ಫಲವೆಂದರೆ ಗೆಲ್ಲುವ ಆಸೆ ಬೇಡವೆಂದಲ್ಲ. ಗೆಲ್ಲಲು ಮನಸಾರೆ ಹೆಣಗದಿದ್ದರೆ ಫುಟ್‌ಬಾಲೇ ಇಲ್ಲ, ಎದುರಾಳಿಗೆ ಅದು ಅಗೌರವ ಕೂಡ. ಗೆಲುವು ಆಟದೊಳಗಿನ ಗುರಿ, ಆಟಕ್ಕೆ ಕಾರಣವಲ್ಲ. ಈ ಭೇದ ತಿಳಿಯದೆ, ಫಲದ ಆಸೆ ಬಿಡಿ ಎಂದು ಮಕ್ಕಳಿಗೆ ಗೀತೆ ಬೋಧಿಸಿ, ಟ್ರೋಫಿಯ ಆಸೆಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ದೊಡ್ಡವರಿಂದ ಮಕ್ಕಳು ಕಲಿಯುವುದು ಕಪಟವನ್ನು. ಗೆಲುವಿಗೂ ಮಿತಿ ಇದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಈ ಆಸೆ ನಮಗೇಕೆ ಎಂದು ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದಳು. ಆರು ಗೋಲು ಮುಂದಿರುವ ತಂಡಕ್ಕೆ ಏಳನೆಯದು ಅಂಥ ಅಕ್ಕಿಯೇ. ಹಾಗೆಂದು ಗೋಲು ಹೊಡೆಯಬೇಡಿ ಎಂದು ಕೂಗಿ ಹೇಳಿದರೆ ಸೋಲುತ್ತಿರುವವರಿಗೆ ಇನ್ನಷ್ಟು ಅವಮಾನ. ಗೋಲ್‌ಕೀಪರನ್ನು ಮುಂದೆ ಆಡಿಸುವುದು, ಎಡಗಾಲಿನಿಂದಷ್ಟೇ ಹೊಡೆಯಲು ಮೆಲ್ಲಗೆ ಸೂಚಿಸುವುದು, ಒಬ್ಬರನ್ನು ಹೊರಗೆ ಕರೆಸಿಕೊಳ್ಳುವುದು ಒಳ್ಳೆಯ ದಾರಿ. ಸೋತ ಮಕ್ಕಳಿಗೆ ಆಟ ಮುಗಿದ ಕೂಡಲೇ ವಿಮರ್ಶೆ ಬೇಡ. ನೀರು ಕೊಟ್ಟು ಮನೆಗೆ ಕಳಿಸಿ, ತಪ್ಪುಗಳನ್ನು ಮುಂದಿನ ಅಭ್ಯಾಸದಲ್ಲಿ ಆಟದ ಮೂಲಕವೇ ತಿದ್ದುವುದು ಲೇಸು.

ಕಲಿಸುವವರ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಜಗನ್ನಾಥದಾಸರ ಕಥೆ ತಕ್ಕ ಉತ್ತರ. ಪೂರ್ವದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು, ಕನ್ನಡದಲ್ಲಿ ಹಾಡುವ ದಾಸರನ್ನು ಹಗುರವಾಗಿ ಕಂಡವರು. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರು, ನೆವವೇ ನಿಜವಾಗಿ ತೀರದ ನೋವಿನಿಂದ ಬಳಲಿದರು ಎನ್ನುತ್ತದೆ ಸಂಪ್ರದಾಯ. ಕೊನೆಗೆ ವಿಜಯದಾಸರ ಬಳಿಗೇ ಬಂದಾಗ ಅವರು ಗೋಪಾಲದಾಸರ ಕಡೆಗೆ ಕಳಿಸಿದರು. ಗೋಪಾಲದಾಸರು ರೊಟ್ಟಿ ಉಣ್ಣಿಸಿ ಗುಣಪಡಿಸಿದ್ದಲ್ಲದೆ ತಮ್ಮ ಆಯುಷ್ಯದಲ್ಲೇ 40 ವರ್ಷ ಧಾರೆಯೆರೆದರು. ಇದನ್ನು ಪವಾಡವೆಂದು ನಂಬಲಿ, ಸಂಕೇತವೆಂದು ತಿಳಿಯಲಿ, ಕಥೆಯ ದಿಕ್ಕು ಒಂದೇ: ಕೊಡುವವನು ಗುರು, ಪಡೆಯುವವನು ಶಿಷ್ಯ. ಮಕ್ಕಳ ಗೆಲುವಿನಿಂದ ತಮ್ಮ ಹೆಸರು ಕಟ್ಟಿಕೊಳ್ಳುವಲ್ಲಿ ಆ ದಿಕ್ಕು ತಿರುಗಿಬಿಟ್ಟಿರುತ್ತದೆ. ಅವಮಾನಿಸಿದ ಶಿಷ್ಯನಿಗೂ ಇಲ್ಲಿ ಶಿಕ್ಷೆ ಗುರುಗಳ ಕೈಯಿಂದ ಬರಲಿಲ್ಲ, ಅವರ ಕೈಯಿಂದ ಬಂದದ್ದು ರೊಟ್ಟಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ, ಶಾಲೆಯ ಬಯಲು ಅದರಿಂದ ಹೊರತಲ್ಲ. ತಡವಾಗಿ ಬಂದವರಿಗೆ ಐದು ಸುತ್ತು ಓಟದ ಶಿಕ್ಷೆ ಕೊಟ್ಟರೆ ಓಟವೇ ಶಿಕ್ಷೆಯಾಗಿ ಮನಸ್ಸಿಗೆ ಇಳಿಯುತ್ತದೆ.

ಗುರುಭಾವನೆಗೆ ಅಪಾಯವೂ ಇದೆ. ಸರ್ ಹೇಳಿದ್ದಕ್ಕೆ ಎದುರಾಡಬಾರದೆಂದು ಬೆಳೆದ ಮಗು ಕೆಡುಕನ್ನೂ ಬಾಯಿಮುಚ್ಚಿ ಸಹಿಸುತ್ತದೆ. 2012ರ ಪೋಕ್ಸೊ ಕಾಯ್ದೆ ಇರುವುದು ಅಂಥ ಮೌನದ ಲಾಭ ಪಡೆಯುವವರನ್ನು ತಡೆಯಲಿಕ್ಕೆ. ಅಭ್ಯಾಸ ಸದಾ ನಾಲ್ಕು ಜನರ ಕಣ್ಣಿಗೆ ಬೀಳುವಲ್ಲೇ ನಡೆಯಬೇಕು. ಯಾವ ಮಗುವನ್ನೂ ಒಂಟಿಯಾಗಿ ಕರೆದೊಯ್ಯಬಾರದು. ಪ್ರಯಾಣಕ್ಕೆ ಪೋಷಕರೊಬ್ಬರು ಜೊತೆಗಿರಬೇಕು. ಬೇಡ ಎನ್ನುವ ಹಕ್ಕು ಮಗುವಿಗಿದೆ ಎಂದು ಕಲಿಸುವವರೇ ಅದಕ್ಕೆ ತಿಳಿಸಿಕೊಡಬೇಕು.

ಭಾಷೆಯ ಪಾಠವೂ ಅದೇ ಕಥೆಯಲ್ಲಿದೆ. ಸಂಸ್ಕೃತದ ಪಂಡಿತ ಕೊನೆಗೆ ತನ್ನ ಮೇರುಕೃತಿ ಹರಿಕಥಾಮೃತಸಾರವನ್ನು ಬರೆದದ್ದು ಕನ್ನಡದ ಭಾಮಿನಿ ಷಟ್ಪದಿಯಲ್ಲಿ. ರಾಯಚೂರಿನ ಬಯಲಿನಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಮನೆಮಾತಿನ ಮಕ್ಕಳೂ ಇರುತ್ತಾರೆ. ಟಿವಿಯಲ್ಲಿ ಕೇಳಿದ ಇಂಗ್ಲಿಷ್ ಕೂಗುಗಳಿಗಿಂತ, ಬಿಡು, ತಿರುಗು, ಹಿಂದೆ ಯಾರೋ ಬಂದ ಎಂಬ ನೇರ ಮಾತು, ಅದು ಯಾವ ಮಗುವಿಗೆ ಯಾವ ಭಾಷೆಯಲ್ಲಿ ಬೇಗ ತಲುಪುತ್ತದೋ ಆ ಭಾಷೆಯಲ್ಲಿ ಬರಬೇಕು.

ದಾಸದೀಕ್ಷೆಯಲ್ಲಿ ಗುರು ಶಿಷ್ಯನಿಗೆ ಅಂಕಿತ ಕೊಡುತ್ತಾನೆ, ತನ್ನದನ್ನಲ್ಲ, ಶಿಷ್ಯನದೇ ಆದ ಹೊಸದನ್ನು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಮೂರೂ ಬೇರೆ ಬೇರೆ. ಸುಳಾದಿಗಳಲ್ಲಿ ಹೆಸರಾದವರು ವಿಜಯದಾಸರು, ಷಟ್ಪದಿಯಲ್ಲಿ ಹೆಸರಾದವರು ಜಗನ್ನಾಥದಾಸರು. ತನ್ನಂತೆ ಆಡುವ ಹತ್ತು ಮಕ್ಕಳನ್ನು ತಯಾರಿಸುವುದು ಈ ಪರಂಪರೆಯ ಕಲಿಕೆಯಲ್ಲ. ಡ್ರಿಬಲ್ ಮಾಡುವ ಚಪಲವಿರುವ ಮಗುವಿಗೆ ಸದಾ ಪಾಸು ಕೊಡು ಎಂದು ಕೂಗುತ್ತಿದ್ದರೆ ಅದರ ಅಂಕಿತವೇ ಅಳಿಸಿಹೋಗುತ್ತದೆ. 14ರವರೆಗೂ ಪ್ರತಿ ಮಗು ಎಲ್ಲ ಜಾಗಗಳಲ್ಲೂ ಆಡಿ ನೋಡಲಿ, ಗೋಲ್‌ಕೀಪರಾಗಿಯೂ ನಿಂತು ನೋಡಲಿ. ತಮಗೊಪ್ಪುವ ಜಾಗವನ್ನು ಬಹಳಷ್ಟು ಮಕ್ಕಳು ತಾವೇ ಹುಡುಕಿಕೊಳ್ಳುತ್ತಾರೆ.

ತಮ್ಮ ಬಳಿ ಬಂದವನನ್ನು ವಿಜಯದಾಸರು ಗೋಪಾಲದಾಸರಿಗೆ ಒಪ್ಪಿಸಿದ ನಡೆಯೂ ಕಲಿಸುವವರ ಕರ್ತವ್ಯದಲ್ಲಿ ಸೇರಬೇಕು. ಮಾನ್ವಿಯಲ್ಲೋ ದೇವದುರ್ಗದಲ್ಲೋ ತಮ್ಮ ಅರಿವು ಮುಗಿಯುವಷ್ಟು ಬೆಳೆದ ಮಗುವನ್ನು ತಂಡದ ಆಸೆಗೆ ಹಿಡಿದಿಟ್ಟುಕೊಳ್ಳದೆ, ರಾಯಚೂರಿನ ಹೆಚ್ಚು ಬಲ್ಲ ತರಬೇತುದಾರರಿಗೋ ರಾಜ್ಯದ ಕ್ರೀಡಾ ವಸತಿ ನಿಲಯದ ಆಯ್ಕೆಗೋ ಕಳಿಸಬೇಕು. ಕಳಿಸುವಾಗ ಮಗುವಿನ ನಿಜವಾದ ವಯಸ್ಸು, ಹಿಂದೆ ಬಿದ್ದ ಪೆಟ್ಟು, ಯಾವ ಕಾಲಿನ ಆಟ, ಮನೆಯವರು ಗುಳೆ ಹೋಗುವ ತಿಂಗಳು, ಮಗುವಿಗೆ ಹೋಗಲು ಮನಸ್ಸಿದೆಯೇ ಇಲ್ಲವೇ ಎಂಬುದನ್ನೆಲ್ಲ ಹೊಸಬರಿಗೆ ತಿಳಿಸಬೇಕು. ಹೋಗಲಾರೆ, ಇಲ್ಲೇ ಗೆಳೆಯರ ಜೊತೆ ಆಡುತ್ತೇನೆ ಎಂದರೆ ಆ ಮಾತೂ ನಡೆಯಬೇಕು.